ಚಿಕಿತ್ಸೆಯ ನಡುವೆ ನಿಲ್ಲದ ನಡಿಗೆ

ಕಾಶಿಯೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ವಿಶ್ವನಾಥನ ಸನ್ನಿಧಿ, ಜಂಗಮವಾಡಿ ಮಠ, ಗಂಗೆಯ ಸೋಪಾನಪಂಕ್ತಿ. ಇತ್ತೀಚೆಗೆ ಆ ನಗರಕ್ಕೆ ಮತ್ತೊಂದು ಬಗೆಯ ಯಾತ್ರಿಕರೂ ಬರುತ್ತಿದ್ದಾರೆ. ಲಹರ್‌ತಾರಾದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯು 2018ರಲ್ಲಿಯೂ, ಹಿಂದೂ ವಿಶ್ವವಿದ್ಯಾಲಯದ ಆವರಣದ ಮಹಾಮನ ಪಂಡಿತ ಮದನಮೋಹನ ಮಾಳವೀಯ ಕ್ಯಾನ್ಸರ್ ಕೇಂದ್ರವು 2019ರಲ್ಲಿಯೂ ಟಾಟಾ ಸ್ಮಾರಕ ಕೇಂದ್ರದ ಆಡಳಿತದಲ್ಲಿ ಸೇವೆಗೆ ತೆರೆದುಕೊಂಡವು. ಅಂದಿನಿಂದ ಸುತ್ತಣ ಪ್ರಾಂತಗಳ ಅನೇಕ ರೋಗಿಗಳಿಗೆ ಮುಂಬಯಿಯ ದೂರಪ್ರಯಾಣ ತಪ್ಪಿದೆ. ಅವರಲ್ಲಿ ಸ್ತನ ಕ್ಯಾನ್ಸರಿಗೆ ತುತ್ತಾದ ಸ್ತ್ರೀಯರೂ ಇದ್ದಾರೆ. ಭಾರತದ ಸ್ತ್ರೀಯರಲ್ಲಿ ಅತ್ಯಧಿಕವಾಗಿ ಕಂಡುಬರುವ ಕ್ಯಾನ್ಸರ್ ಇದೇ.

ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ ಎಂದು ತಿಂಗಳುಗಟ್ಟಲೆ ಸಾಗುವ ಈ ಅವಧಿಯಲ್ಲಿ ರೋಗಿಯನ್ನು ಬಹುವಾಗಿ ಕಾಡುವುದು ನಿದ್ರೆಯಿಂದಲೂ ನೀಗದ ಆಯಾಸ. ಇದಕ್ಕೆ ಪೂರ್ಣ ವಿಶ್ರಾಂತಿಯೇ ಮದ್ದೆಂಬುದು ಹಳೆಯ ನಂಬಿಕೆ. ಆದರೆ ಮಲಗಿಯೇ ಇದ್ದರೆ ಸ್ನಾಯುಗಳು ಕ್ಷೀಣಿಸುತ್ತವೆ. ಕ್ಷೀಣಿಸಿದ ಸ್ನಾಯುಗಳಿಗೆ ಚಿಕ್ಕ ಕೆಲಸವೂ ಭಾರವಾಗುತ್ತದೆ. ಆಯಾಸ ಹೆಚ್ಚಿ ರೋಗಿಯು ಮತ್ತೆ ಮಲಗುತ್ತಾಳೆ. ಈ ವಿಷಚಕ್ರವನ್ನು ಮುರಿಯಲೆಂದೇ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2022ರಲ್ಲಿ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವಾಗಲೇ ನಿಯತ ವ್ಯಾಯಾಮವನ್ನು ವೈದ್ಯರು ಸಲಹೆ ಮಾಡಬೇಕೆಂದು ಸೂಚಿಸಿತು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥೆಯ ಸಂಶೋಧಕರು ಭಾಗವಹಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೀಮೋಥೆರಪಿಯ ಕಾಲದಲ್ಲಿ ಯೋಗಾಭ್ಯಾಸ ಮಾಡಿದವರಿಗೆ ವಾಕರಿಕೆಯ ಬಾಧೆ ಕಡಿಮೆಯಾದುದು ಕಂಡುಬಂದಿತು.

ವ್ಯಾಯಾಮವನ್ನು ಆರಂಭಿಸುವುದು ಸುಲಭ, ಮುಂದುವರಿಸುವುದು ಕಷ್ಟ. ಇದು ರೋಗಿಯ ದೌರ್ಬಲ್ಯವಲ್ಲ. ಕೆನಡಾ ದೇಶದಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 242 ಸ್ತನ ಕ್ಯಾನ್ಸರ್ ರೋಗಿಗಳನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಶಿಕ್ಷಕರ ಮೇಲ್ವಿಚಾರಣೆಯಿದ್ದರೂ ಅಲ್ಲಿ ನಿಗದಿಯಾದ ವ್ಯಾಯಾಮದಲ್ಲಿ ಪೂರೈಸಿದ್ದು ಸುಮಾರು ನೂರಕ್ಕೆ 70ರಷ್ಟು ಮಾತ್ರ. ಎಂದರೆ ಹತ್ತರಲ್ಲಿ ಮೂರು ಸಲ ತಪ್ಪಿತು. ಆದರೂ ವ್ಯಾಯಾಮ ಮಾಡಿದವರ ಆತ್ಮವಿಶ್ವಾಸ ವರ್ಧಿಸಿತು. ಭಾರ ಎತ್ತಿದವರ ಸ್ನಾಯುಬಲವೂ ಹೆಚ್ಚಿತು. ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂದು ಕೈಬಿಡುವುದೇ ನಿಜವಾದ ಹಾನಿ. ಮರುದಿನ ಎದ್ದು ನಡೆದರೆ ಸಾಧನೆ ಮುಂದುವರಿದಂತೆಯೇ.

ಕಾಶಿಯಂತಹ ಊರಿನಲ್ಲಿ ನಡಿಗೆ ತಪ್ಪಲು ಕಾರಣಗಳು ಹಲವು. ಬೇಸಿಗೆಯಲ್ಲಿ ತಾಪ 40 ಡಿಗ್ರಿಯನ್ನು ದಾಟುತ್ತದೆ. ಮಳೆಗಾಲದಲ್ಲಿ ಗಂಗೆ ಉಕ್ಕಿ ಘಾಟುಗಳ ಮೆಟ್ಟಿಲುಗಳು ಮುಳುಗುತ್ತವೆ. ಚಳಿಗಾಲದ ಬೆಳಗು ಮಂಜಿನಿಂದ ಮುಸುಕಿರುತ್ತದೆ. ಗಲ್ಲಿಗಳಲ್ಲಿ ಜನಸಂದಣಿ ಬೇರೆ. ಆದ್ದರಿಂದ ಒಂದೇ ಸ್ಥಳವನ್ನು ನಂಬಿರುವುದು ಸಲ್ಲದು. ಹವೆ ಹಿತವಾಗಿದ್ದಾಗ ವಿಶ್ವವಿದ್ಯಾಲಯದ ಮರಗಳ ನೆರಳಿನ ಹಾದಿ, ಪ್ರತಿಕೂಲವಾದಾಗ ಮನೆಯ ಅಂಗಳ ಅಥವಾ ಮಾಳಿಗೆ, ಅದೂ ಸಾಧ್ಯವಿಲ್ಲದಾಗ ಕೋಣೆಯೊಳಗೆ ಹತ್ತು ನಿಮಿಷ: ಹೀಗೆ ಮೂರು ಮಾರ್ಗಗಳನ್ನು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಮಹಾನಗರದ ಬಹುಮಹಡಿ ಮನೆಗಳಲ್ಲಿ ವಾಸಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ವಾರಕ್ಕೆ ಮೂರು ಸಲ, ಸಲಕ್ಕೆ 30 ನಿಮಿಷದಷ್ಟು, ಮಾತನಾಡುತ್ತ ನಡೆಯಬಹುದಾದ ವೇಗದ ನಡಿಗೆ. ವಾರಕ್ಕೆ ಎರಡು ಸಲ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ: ಇದು ತಜ್ಞರು ಹೇಳುವ ಗುರಿ. ಅದು ಮೊದಲ ದಿನದ ಗುರಿಯಲ್ಲ. ಹತ್ತು ನಿಮಿಷದಿಂದ ಆರಂಭಿಸಿ ಮೆಲ್ಲಮೆಲ್ಲನೆ ಏರಿಸಬೇಕು. ಕೀಮೋಥೆರಪಿಯನ್ನು ಮೂರು ವಾರಗಳಿಗೊಮ್ಮೆ ಕೊಡುತ್ತಿದ್ದರೆ, ಔಷಧ ಸೇರಿದ ಮೊದಲ ಕೆಲವು ದಿನಗಳು ಸಾಮಾನ್ಯವಾಗಿ ಬಲು ಕಷ್ಟದವು. ಆಗ ಪ್ರಮಾಣವನ್ನು ಕುಗ್ಗಿಸಿ, ಮೂರನೆಯ ವಾರದಲ್ಲಿ ಮತ್ತೆ ಹಿಗ್ಗಿಸಬಹುದು. ನಡೆದ ನಿಮಿಷಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಉಪಯುಕ್ತ.

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದವರಿಗೆ ಕೈ ಬಾತುಕೊಳ್ಳುವ ಭಯ ಸಹಜ. ಭಾರ ಎತ್ತಲೇಬಾರದೆಂದು ಹಿಂದೆ ಹೇಳುತ್ತಿದ್ದರು. ಆದರೆ ಅದಾಗಲೇ ಕೈ ಬಾತಿದ್ದ 141 ಸ್ತ್ರೀಯರು ತರಬೇತಿಯೊಡನೆ ಅಲ್ಪಭಾರದಿಂದ ಆರಂಭಿಸಿ ಕ್ರಮವಾಗಿ ಏರಿಸಿದಾಗ ಏನಾಗುವುದೆಂದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವು ಪರೀಕ್ಷಿಸಿತು; ಅವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಭಾರ ಎತ್ತಿದರು. ಅವರ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸಿದ ಪ್ರಸಂಗಗಳು ಕಡಿಮೆಯಾದವು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಏರಿಸುವಂತಹ ಭುಜದ ವ್ಯಾಯಾಮಗಳನ್ನು ಶಸ್ತ್ರವೈದ್ಯರ ಅನುಮತಿಯ ಮೇರೆಗೇ ಮಾಡಬೇಕು.

ಎಚ್ಚರಿಕೆಯೂ ಅವಶ್ಯ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಎದೆನೋವು, ತಲೆಸುತ್ತು, ಅಸಾಧಾರಣ ಏದುಸಿರು ಕಾಣಿಸಿದರೆ ವ್ಯಾಯಾಮವನ್ನು ನಿಲ್ಲಿಸಿ ತಕ್ಷಣ ವೈದ್ಯರಿಗೆ ತಿಳಿಸಬೇಕು. ಕೆಲವು ಔಷಧಗಳು ಹೃದಯವನ್ನು ದುರ್ಬಲಗೊಳಿಸಬಲ್ಲವು. ಕೆಲವು ಪಾದಗಳನ್ನು ಮರಗಟ್ಟಿಸುತ್ತವೆ. ಅಂಥವರಿಗೆ ಘಾಟಿನ ಒದ್ದೆ ಮೆಟ್ಟಿಲುಗಳು ಅಪಾಯಕರ. ರೋಗವು ಮೂಳೆಗೆ ಹರಡಿದ್ದರೆ ವೈದ್ಯರನ್ನು ಕೇಳದೆ ಭಾರ ಎತ್ತಲಾಗದು.

ಕಡೆಯದಾಗಿ, ಮನೆಮಂದಿಗೊಂದು ಮಾತು. “ಏಳಬೇಡ, ಮಲಗಿಕೋ” ಎನ್ನುವುದು ಪ್ರೀತಿಯಿಂದಲೇ ಹೊರಡುವ ಮಾತಾದರೂ, ಬಹುಮಟ್ಟಿಗೆ ವ್ಯಾಯಾಮಕ್ಕೆ ಅಡ್ಡಿಯಾಗುವುದೂ ಅದೇ. ಒಲೆಯ ಕೆಲಸವನ್ನು ಮನೆಯವರು ವಹಿಸಿಕೊಂಡು, ಆಕೆಯ ಚಪ್ಪಲಿಯನ್ನು ಬಾಗಿಲಲ್ಲಿಟ್ಟು, ಹತ್ತು ನಿಮಿಷ ಜೊತೆಯಲ್ಲಿ ಹೆಜ್ಜೆ ಹಾಕಿದರೆ ಆ ಪ್ರೀತಿ ಹೆಚ್ಚು ಸಾರ್ಥಕವಾದೀತು.