ಎರಡು ಹಡಗುಗಳ ನಡುವೆ ಹದಿನೆಂಟು ದಿನ

ಪೆಟ್ರೋಲ್ ಬಂಕಿಗೆ ಟ್ಯಾಂಕರ್ ಲಾರಿ ಬಂದು ನಿಂತದ್ದನ್ನು ನೀವೆಲ್ಲ ನೋಡಿರುತ್ತೀರಿ. ಪೆಟ್ರೋಲ್ ಇಳಿಸುವ ಮೊದಲು ಲಾರಿಗೆ ಒಂದು ತಂತಿ ಸಿಕ್ಕಿಸುತ್ತಾರೆ. ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಹತ್ತಿರ ಹೋದರೆ "ದೂರ ನಿಲ್ಲಿ" ಅನ್ನುತ್ತಾರೆ. ಗಟ್ಟಿ ನೆಲದ ಮೇಲೆ ಅಲುಗಾಡದೆ ನಿಂತ ಒಂದು ಲಾರಿಗೇ ಇಷ್ಟು ಎಚ್ಚರಿಕೆ ಬೇಕು. ಹಾಗಾದರೆ ನಡುಸಮುದ್ರದಲ್ಲಿ, ಅಲೆಗಳ ಮೇಲೆ ಏರಿ ಇಳಿಯುವ ಒಂದು ಹಡಗಿನಿಂದ ಪಕ್ಕದ ಹಡಗಿಗೆ ಕೋಟಿಗಟ್ಟಲೆ ಲೀಟರ್ ಕಚ್ಚಾ ತೈಲವನ್ನು ದಾಟಿಸುವುದು ಹೇಗೆ?

ಇದು ಅಪರೂಪದ ಕೆಲಸವೇನಲ್ಲ. ದೊಡ್ಡ ಹಡಗು ಬರುವಷ್ಟು ಬಂದರಿನಲ್ಲಿ ಆಳವಿಲ್ಲದಿದ್ದರೆ ಹೊರಗೇ ನಿಲ್ಲಿಸಿ ಸಣ್ಣ ಹಡಗಿಗೆ ತೈಲ ಇಳಿಸುತ್ತಾರೆ. ಹಡಗು ಕೆಟ್ಟು ನಿಂತಾಗಲೂ ಇದೇ ದಾರಿ. ಇದರ ಹಿಂದಿರುವ ವಿಜ್ಞಾನವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಅದನ್ನು ತಿಳಿಯಲು ಇಡೀ ಜಗತ್ತು ಉಸಿರು ಬಿಗಿಹಿಡಿದು ನೋಡಿದ ಒಂದು ಉದಾಹರಣೆಯನ್ನೇ ನೋಡೋಣ.

ತುಕ್ಕು ಹಿಡಿದ 'ಸೇಫರ್'

ಕೆಂಪು ಸಮುದ್ರದಲ್ಲಿ, ಯೆಮನ್ ದೇಶದ ತೀರದಿಂದ ಎಂಟೊಂಬತ್ತು ಕಿಲೋಮೀಟರ್ ದೂರದಲ್ಲಿ 'ಸೇಫರ್' ಎಂಬ ಹಡಗು ನಿಂತಿತ್ತು. 1976ರಲ್ಲಿ ಜಪಾನಿನಲ್ಲಿ ಕಟ್ಟಿದ ಈ ತೈಲ ಹಡಗನ್ನು ಮುಂದೆ ಸಮುದ್ರದ ಮೇಲಿನ ತೈಲ ಉಗ್ರಾಣವನ್ನಾಗಿ ಮಾಡಿಕೊಂಡಿದ್ದರು. ಯೆಮನಿನಲ್ಲಿ ಯುದ್ಧ ಶುರುವಾಗಿ 2015ರಿಂದ ಅದರ ರಿಪೇರಿ, ದೇಖರೇಖಿ ನಿಂತುಹೋಯಿತು. ಉಪ್ಪುನೀರು ಮತ್ತು ಗಾಳಿ ಸೇರಿದರೆ ಕಬ್ಬಿಣಕ್ಕೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. 2020ರ ಮೇ ತಿಂಗಳಲ್ಲಿ ಎಂಜಿನ್ ಕೋಣೆಗೆ ಸಮುದ್ರದ ನೀರು ನುಗ್ಗಿತು. ಮುಳುಗುಗಾರರು ಇಳಿದು ತಾತ್ಕಾಲಿಕವಾಗಿ ಸರಿಪಡಿಸಿದರು.

ಹಡಗಿನ ಹೊಟ್ಟೆಯಲ್ಲಿದ್ದದ್ದು 11.4 ಲಕ್ಷ ಬ್ಯಾರೆಲ್ ಕಚ್ಚಾ ತೈಲ. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಗುಣಿಸಿ ನೋಡಿ, 18 ಕೋಟಿ ಲೀಟರ್ ದಾಟುತ್ತದೆ. 20,000 ಲೀಟರಿನ ಲಾರಿಗಳಿಗೆ ತುಂಬಿಸಿದರೆ ಒಂಬತ್ತು ಸಾವಿರ ಲಾರಿ ಬೇಕು. ಹತ್ತು ಮೀಟರ್ ಉದ್ದದ ಲಾರಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಸಾಲು 90 ಕಿಲೋಮೀಟರ್ ಆಗುತ್ತದೆ. ಕಾಸರಗೋಡಿನಿಂದ ಹೊರಟ ಆ ಸಾಲು ಮಂಗಳೂರು ದಾಟಿ ಕಾಪುವಿನ ಆಸುಪಾಸಿಗೆ ಹೋಗಿ ಮುಟ್ಟೀತು!

1989ರಲ್ಲಿ ಅಲಾಸ್ಕಾ ತೀರದಲ್ಲಿ 'ಎಕ್ಸಾನ್ ವಾಲ್ಡೆಜ್' ಹಡಗಿನಿಂದ ಚೆಲ್ಲಿದ ತೈಲದ ನಾಲ್ಕು ಪಟ್ಟು ತೈಲ ಇಲ್ಲಿತ್ತು. ಇದು ಸಮುದ್ರಕ್ಕೆ ಹರಿದರೆ ಯೆಮನಿನ ಎರಡು ಲಕ್ಷ ಮೀನುಗಾರಿಕೆ ಜೀವನೋಪಾಯಗಳು ಒಮ್ಮೆಲೇ ನಾಶವಾಗುತ್ತವೆ, ಶುಚಿಗೊಳಿಸಲು 2,000 ಕೋಟಿ ಡಾಲರ್ ಬೇಕಾದೀತು ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತ್ತು. ಹಲವು ದೇಶಗಳ ಜೊತೆಗೆ ಜನಸಾಮಾನ್ಯರೂ ದೇಣಿಗೆ ಕೊಟ್ಟರು. ವಿಶ್ವಸಂಸ್ಥೆಯು 'ನಾಟಿಕಾ' ಎಂಬ ಇನ್ನೊಂದು ದೊಡ್ಡ ತೈಲ ಹಡಗನ್ನು ಖರೀದಿಸಿ ಸೇಫರ್ ಪಕ್ಕಕ್ಕೆ ತಂದಿತು.

ಎಣ್ಣೆಗಿಂತ ಅದರ ಮೇಲಿನ ಗಾಳಿ ಅಪಾಯ

ತೈಲ ಹಡಗಿನಲ್ಲಿ ಸ್ಫೋಟಿಸುವುದು ಎಣ್ಣೆ ಅಲ್ಲ. ಎಣ್ಣೆಯಿಂದೆದ್ದ ಆವಿ ಗಾಳಿಯೊಡನೆ ಬೆರೆತು ಟ್ಯಾಂಕಿನ ಮೇಲ್ಭಾಗದಲ್ಲಿ ತುಂಬಿರುತ್ತದಲ್ಲ, ಸ್ಫೋಟಿಸುವುದು ಅದು. ಬೆಂಕಿಗೆ ಮೂರು ಬೇಕು: ಇಂಧನ, ಆಮ್ಲಜನಕ, ಕಿಡಿ. ಮೂರರಲ್ಲಿ ಒಂದನ್ನು ತೆಗೆದರೂ ಬೆಂಕಿ ಇಲ್ಲ. ಇಂಧನವನ್ನಂತೂ ತೆಗೆಯಲಾಗದು, ಅದೇ ಸರಕು! ಕಿಡಿಯನ್ನು ತಡೆದೇ ತಡೆಯುತ್ತೇವೆ ಎಂದು ಎದೆ ತಟ್ಟಿ ಹೇಳುವವರು ಯಾರೂ ಇಲ್ಲ. ಉಳಿದದ್ದು ಆಮ್ಲಜನಕ.

ಈ ಪಾಠವನ್ನು ಜಗತ್ತು ಕಲಿತದ್ದು ಪೆಟ್ಟು ತಿಂದು. 1969ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮಾರ್ಪೆಸ್ಸಾ, ಮ್ಯಾಕ್ಟ್ರಾ, ಕಾಂಗ್ ಹಾಕನ್ VII ಎಂಬ ಮೂರು ಭಾರೀ ಹಡಗುಗಳಲ್ಲಿ ಸ್ಫೋಟವಾಯಿತು. ಮೂರರಲ್ಲೂ ಖಾಲಿ ಟ್ಯಾಂಕುಗಳನ್ನು ರಭಸದ ನೀರಿನಿಂದ ತೊಳೆಯುತ್ತಿದ್ದರು. ನೀರು ಗೋಡೆಗೆ ಅಪ್ಪಳಿಸಿ ಸೂಕ್ಷ್ಮ ಹನಿಗಳಾಗಿ ಮಂಜಿನಂತೆ ತುಂಬಿದಾಗ ಅದರಲ್ಲಿ ಸ್ಥಿರ ವಿದ್ಯುತ್ ಸೇರುತ್ತದೆ, ಅದೇ ಕಿಡಿಗೆ ಕಾರಣವಾಗಿರಬೇಕು ಎಂದು ತಜ್ಞರು ಕಂಡುಕೊಂಡರು. ಒಣಕೂದಲು ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಆ ವಿದ್ಯುತ್ತೇ ಇದು.

ಅಂದಿನಿಂದ ದೊಡ್ಡ ತೈಲ ಹಡಗುಗಳಲ್ಲಿ ಜಡ ಅನಿಲದ ಬಳಕೆ ವ್ಯಾಪಕವಾಯಿತು. ಬಾಯ್ಲರಿನ ಹೊಗೆಯನ್ನು ತೊಳೆದು ತಂಪು ಮಾಡಿ ಟ್ಯಾಂಕಿಗೆ ಬಿಡುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 21 ಆಮ್ಲಜನಕ ಇದೆ. ಟ್ಯಾಂಕಿನೊಳಗೆ ಅದು ಶೇ. 8ನ್ನು ಮೀರಬಾರದು ಎಂಬುದು ನಿಯಮ. ಅಷ್ಟು ಕಡಿಮೆಯಾದರೆ ಕಿಡಿ ಬಿದ್ದರೂ ಆವಿ ಹೊತ್ತಿಕೊಳ್ಳದು. ತೈಲ ಹೊರಗೆ ಹೋದಂತೆ ಟ್ಯಾಂಕಿನಲ್ಲಿ ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ಹೊರಗಿನ ಗಾಳಿ ನುಗ್ಗದಂತೆ ಜಡ ಅನಿಲವನ್ನೇ ತುಂಬುತ್ತಾ ಹೋಗಬೇಕು.

ಸೇಫರ್‌ನಲ್ಲಿ ಬಾಯ್ಲರ್ ಕೆಟ್ಟಿದ್ದರಿಂದ ಜಡ ಅನಿಲವೂ ಇಲ್ಲವಾಗಿತ್ತು. ಆದ್ದರಿಂದ ಅಲ್ಲಿಗೆ ಹೋದ ತಜ್ಞರು ಮೊದಲು ಪಂಪು ಹಚ್ಚಲಿಲ್ಲ. ವಾರಗಟ್ಟಲೆ ಹಡಗನ್ನು ಪರೀಕ್ಷಿಸಿ, ಟ್ಯಾಂಕುಗಳಿಗೆ ಜಡ ಅನಿಲ ತುಂಬಿದರು. ತೈಲ ತೆಗೆಯುವ ಮಾತು ಆಮೇಲೆ.

ಒಂದು ಏಳುತ್ತದೆ, ಇನ್ನೊಂದು ಇಳಿಯುತ್ತದೆ

ಎರಡು ಹಡಗುಗಳ ಉಕ್ಕಿನ ಮೈ ಒಂದಕ್ಕೊಂದು ತಾಗಕೂಡದು. ಅದಕ್ಕಾಗಿ ನಡುವೆ ಗಾಳಿ ತುಂಬಿದ ಭಾರೀ ರಬ್ಬರ್ ದಿಂಡುಗಳನ್ನು ಇಳಿಬಿಡುತ್ತಾರೆ. ಇವಕ್ಕೆ ಫೆಂಡರ್ ಎಂದು ಹೆಸರು. ಕೆಲವು ನಿಮ್ಮ ತರಗತಿಯ ಬಾಗಿಲಿಗಿಂತ ಎತ್ತರ! ಆಮೇಲೆ ದಪ್ಪ ಹಗ್ಗಗಳಿಂದ ಎರಡನ್ನೂ ಕಟ್ಟುತ್ತಾರೆ.

ಕಟ್ಟಿದ ಮೇಲೆ ನಿಶ್ಚಿಂತೆಯೇ? ಇಲ್ಲ. ಆರ್ಕಿಮಿಡೀಸ್ ತತ್ವ ನೆನಪಿದೆಯೇ? ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ತೈಲ ಕೊಡುವ ಹಡಗು ಹಗುರಾಗುತ್ತಾ ಮೇಲೇಳುತ್ತದೆ, ಪಡೆಯುವ ಹಡಗು ಭಾರವಾಗುತ್ತಾ ಕೆಳಗಿಳಿಯುತ್ತದೆ. ಎತ್ತರದ ಈ ವ್ಯತ್ಯಾಸ ಹಲವು ಮೀಟರ್ ಆಗಬಹುದು. ನಿನ್ನೆ ಸರಿಯಾಗಿದ್ದ ಹಗ್ಗ ಇವತ್ತು ತಂತಿಯಂತೆ ಬಿಗಿದಿರುತ್ತದೆ, ಇನ್ನೊಂದು ಜೋತುಬಿದ್ದಿರುತ್ತದೆ. ಬಿಗಿದ ಹಗ್ಗ ಕಡಿದರೆ ಚಾವಟಿಯಂತೆ ಬೀಸಿ ಪ್ರಾಣ ತೆಗೆಯಬಲ್ಲದು. ಹೀಗಾಗಿ ಹಗಲು ರಾತ್ರಿ ಪಾಳಿಯಲ್ಲಿ ನಿಂತು ಹಗ್ಗಗಳನ್ನು ಸಡಿಲಿಸುವುದು, ಬಿಗಿ ಮಾಡುವುದು ನಡೆದೇ ಇರುತ್ತದೆ. ತೈಲದ ಕೊಳವೆಗೂ ಸಾಕಷ್ಟು ಸಡಿಲ ಕೊಟ್ಟಿರಬೇಕು.

ಯಾವ ಟ್ಯಾಂಕನ್ನು ಮೊದಲು ಖಾಲಿ ಮಾಡಬೇಕು ಎನ್ನುವುದಕ್ಕೂ ಲೆಕ್ಕ ಇದೆ. ನಡುವಿನ ಟ್ಯಾಂಕುಗಳನ್ನೆಲ್ಲ ಬರಿದು ಮಾಡಿ ಎರಡು ತುದಿಗಳಲ್ಲಿ ಭಾರ ಉಳಿಸಿದರೆ ಹಡಗಿನ ನಡು ಬಾಗುತ್ತದೆ. ಹಳೇ ಹಡಗಾದರೆ ಮುರಿಯಲೂಬಹುದು.

ಲಾರಿಗೆ ತಂತಿ, ಹಡಗಿಗೆ ಬೇಡ!

ಇಲ್ಲೊಂದು ಸೋಜಿಗ. ಲಾರಿಗೆ ತಂತಿ ಕಟ್ಟಿದಂತೆ ಎರಡು ಹಡಗುಗಳನ್ನೂ ತಂತಿಯಿಂದ ಜೋಡಿಸಬೇಕಲ್ಲವೇ? ಜೋಡಿಸುವುದಿಲ್ಲ! ಲಾರಿ ರಬ್ಬರ್ ಚಕ್ರಗಳ ಮೇಲೆ ನಿಂತಿದೆ, ಅದರ ವಿದ್ಯುತ್ ನೆಲಕ್ಕಿಳಿಯಲು ತಂತಿ ಬೇಕು. ಹಡಗಿನ ಮೈ ಉಪ್ಪುನೀರಿನಲ್ಲೇ ಇದೆ, ಉಪ್ಪುನೀರು ಒಳ್ಳೆಯ ವಾಹಕ. ಆದರೆ ಉಪ್ಪುನೀರಿನಲ್ಲಿ ನಿಂತ ಎರಡು ಲೋಹದ ಒಡಲುಗಳು ನಿಮ್ಮ ಪ್ರಯೋಗಶಾಲೆಯ ವಿದ್ಯುತ್ ಕೋಶದಂತೆಯೇ ವರ್ತಿಸುತ್ತವೆ. ಲೋಹದಿಂದ ಜೋಡಿಸಿದರೆ ಅವುಗಳ ನಡುವೆ ವಿದ್ಯುತ್ ಹರಿಯುತ್ತದೆ, ಕೊಳವೆ ಬಿಚ್ಚುವ ಕ್ಷಣದಲ್ಲಿ ಕಿಡಿ ಹಾರಬಹುದು. ಅದಕ್ಕೇ ಕೊಳವೆಯ ಸಾಲಿನಲ್ಲಿ ವಿದ್ಯುತ್ ಹಾಯದ ಒಂದು ತುಂಡನ್ನು ಸೇರಿಸುತ್ತಾರೆ. ಒಂದು ಕಡೆ ಕಾಪಾಡುವ ಉಪಾಯವೇ ಇನ್ನೊಂದು ಕಡೆ ಅಪಾಯ ಆಗಬಹುದು. ಆದ್ದರಿಂದ ನಿಯಮವನ್ನು ಬಾಯಿಪಾಠ ಮಾಡಿದರೆ ಸಾಲದು, ಕಾರಣವೂ ಗೊತ್ತಿರಬೇಕು.

"ನಿಲ್ಲಿಸಿ" ಎನ್ನುವ ಹಕ್ಕು

ಪಂಪು ಶುರುವಾಗುವುದು ನಿಧಾನವಾಗಿ. ಎಲ್ಲಾದರೂ ಸೋರುತ್ತಿದೆಯೇ, ತೈಲ ಸರಿಯಾದ ಟ್ಯಾಂಕಿಗೇ ಹೋಗುತ್ತಿದೆಯೇ ಎಂದು ನೋಡಿಕೊಂಡ ಮೇಲೆ ವೇಗ ಹೆಚ್ಚಿಸುತ್ತಾರೆ. ಒಂದು ಹಡಗು ಕೊಟ್ಟದ್ದೆಷ್ಟು, ಇನ್ನೊಂದು ಪಡೆದದ್ದೆಷ್ಟು ಎಂದು ಆಗಾಗ ತಾಳೆ ನೋಡುತ್ತಾರೆ. ಲೆಕ್ಕ ತಪ್ಪಿದರೆ ಎಲ್ಲೋ ಸೋರಿಕೆ ಇದೆ ಎಂದರ್ಥ.

'ಮಾರ್ಪೋಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ಕೆಲಸಕ್ಕೆಂದೇ ಇರುವ ನಿಯಮಗಳು 2011ರಲ್ಲಿ ಜಾರಿಗೆ ಬಂದವು. ಅದರಂತೆ ಹಡಗಿನಲ್ಲಿ ಲಿಖಿತ ಯೋಜನೆ ಇರಬೇಕು, ತೀರದ ದೇಶಕ್ಕೆ 48 ಗಂಟೆ ಮೊದಲೇ ತಿಳಿಸಬೇಕು. ತುರ್ತಾಗಿ ನಿಲ್ಲಿಸುವ ಸಂಜ್ಞೆಯನ್ನೂ ಎರಡು ಹಡಗಿನವರು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಅಪಾಯ ಕಂಡರೆ ಕ್ಯಾಪ್ಟನ್ನೇ ಹೇಳಲಿ ಎಂದು ಕಾಯುವಂತಿಲ್ಲ. ಹಗ್ಗ ನೋಡಿಕೊಳ್ಳುವ ನಾವಿಕನೂ "ನಿಲ್ಲಿಸಿ" ಅನ್ನಬಹುದು.

ಸೇಫರ್‌ನಿಂದ ತೈಲ ತೆಗೆಯುವ ಕೆಲಸ 2023ರ ಜುಲೈ 25ರಂದು ಶುರುವಾಗಿ ಆಗಸ್ಟ್ 11ರಂದು ಮುಗಿಯಿತು. ಹದಿನೆಂಟು ದಿನ, ಗಂಟೆಗೆ ಸರಾಸರಿ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು. ತಳಕ್ಕೆ ಅಂಟಿದ ಅಲ್ಪಸ್ವಲ್ಪ ಜಿಗುಟು ತೈಲ ಬಿಟ್ಟರೆ ಉಳಿದದ್ದೆಲ್ಲ 'ಯೆಮನ್' ಎಂಬ ಹೊಸ ಹೆಸರು ಪಡೆದ ನಾಟಿಕಾ ಹಡಗಿಗೆ ಸೇರಿತು. ಸ್ಫೋಟ ಆಗಲಿಲ್ಲ, ಕಡಲು ಕಪ್ಪಾಗಲಿಲ್ಲ. ಆಗದೇ ಹೋದ ಅನಾಹುತ ಬಹುಬೇಗ ಮರೆತುಹೋಗುತ್ತದೆ. ಆದರೆ ಆ ತೀರದ ಮೀನುಗಾರ ಮರುದಿನವೂ ಬಲೆ ಹೊತ್ತು ಕಡಲಿಗಿಳಿದನಲ್ಲ, ಅದೇ ಈ ಕೆಲಸದ ಫಲ.

ಮಾಡಿ ನೋಡಿ

ಅಗಲವಾದ ಟಬ್ಬಿನಲ್ಲಿ ನೀರು ತುಂಬಿ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಡಬ್ಬಿಗಳನ್ನು ತೇಲಿಬಿಡಿ. ಒಂದರಲ್ಲಿ ಮುಕ್ಕಾಲು ಭಾಗ ನೀರಿರಲಿ, ಇನ್ನೊಂದು ಖಾಲಿ ಇರಲಿ. ಎರಡರ ಅಂಚುಗಳನ್ನು ದಾರದಿಂದ ಕಟ್ಟಿ. ಈಗ ಚಮಚದಿಂದ ನೀರನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗಿ. ದಾರ ಯಾವಾಗ ಬಿಗಿಯಾಯಿತು, ಯಾವಾಗ ಸಡಿಲವಾಯಿತು? ಎರಡು ಡಬ್ಬಿಗಳೂ ಸಮನಾಗಿ ನಿಂತದ್ದು ಎಷ್ಟು ನೀರು ದಾಟಿದಾಗ? ಒಂದೇ ಮೂಲೆಯಿಂದ ನೀರು ಸುರಿದರೆ ಡಬ್ಬಿ ಏನು ಮಾಡುತ್ತದೆ? ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿ.