ಬಾಗಿಲು ತೆರೆದಿರುವಾಗಲೇ ಒಳಹೋಗಬೇಕು

ಶಿವಮೊಗ್ಗ ಹಾಗೂ ಭದ್ರಾವತಿಯ ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ಸ್ನಾತಕೋತ್ತರ ಪದವಿಗೆ ಓದುವ, ಪಿಎಚ್‌.ಡಿ. ಪದವಿಗೆ ಸಿದ್ಧರಾಗುತ್ತಿರುವ ಮಕ್ಕಳಿದ್ದಾರೆ. ಅವರ ಶುಲ್ಕ, ವಸತಿ, ಬಸ್ ಪಾಸುಗಳ ವಿಷಯವಾಗಿ ಕಾಳಜಿಯಿಂದ ವಿಚಾರಿಸುವ ತಂದೆತಾಯಂದಿರು ಗ್ರಂಥಾಲಯದ ಬಗ್ಗೆ ವಿಚಾರಿಸುವುದು ಅಪರೂಪ. ಆದರೆ ಸಂಶೋಧನೆಯ ಹಾದಿ ಹಿಡಿದವರಿಗೆ ಗ್ರಂಥಾಲಯವು ಪ್ರಯೋಗಾಲಯದಷ್ಟೇ ಮುಖ್ಯ. ಅಲ್ಲಿ ಆಗಾಗ ನಡೆಯುವ, ಹೆಚ್ಚಿನವರ ಗಮನಕ್ಕೆ ಬಾರದೆ ಹೋಗುವ ಒಂದು ಪರೀಕ್ಷೆಯ ಕುರಿತು ಈ ಲೇಖನ.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟೆಗೆ ಸಮೀಪದಲ್ಲಿ, ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನ ಸಹ್ಯಾದ್ರಿ’ ಆವರಣವಿದೆ. 1987ರಲ್ಲಿ ಸ್ಥಾಪನೆಗೊಂಡ ಈ ವಿಶ್ವವಿದ್ಯಾಲಯವು ಶಿವಮೊಗ್ಗದಿಂದ 28, ಭದ್ರಾವತಿಯಿಂದ 18 ಕಿಲೋಮೀಟರ್ ದೂರದಲ್ಲಿದೆ. ಮಹಾನಗರಗಳ ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ಇಂತಹ ವಿದ್ಯಾಕೇಂದ್ರಕ್ಕೆ ಗಣಕಯಂತ್ರದ ಮೂಲಕ ದೊರೆಯುವ ಸಂಶೋಧನಾ ದತ್ತಸಂಚಯಗಳು, ಅಂದರೆ ಡೇಟಾಬೇಸ್‌ಗಳು, ದೊಡ್ಡ ಆಸರೆ.

ದತ್ತಸಂಚಯವೆಂದರೆ ಸಾವಿರಾರು ಸಂಶೋಧನಾ ಪತ್ರಿಕೆಗಳ ಲೇಖನಗಳನ್ನು ವಿಷಯ, ಲೇಖಕ, ವರ್ಷಗಳ ಮೂಲಕ ಹುಡುಕಿಕೊಡುವ ವ್ಯವಸ್ಥೆ. ಹಿಂದೆ ಈ ಕೆಲಸವನ್ನು ಮುದ್ರಿತ ಸೂಚಿಗಳು ಮಾಡುತ್ತಿದ್ದವು. ರಸಾಯನಶಾಸ್ತ್ರದ ಪ್ರಸಿದ್ಧ ‘ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್’ 1907ರಲ್ಲಿ ಆರಂಭವಾಗಿ, ಕಪಾಟುಗಟ್ಟಲೆ ಬೆಳೆದು, 2010ರ ಆರಂಭದಲ್ಲಿ ಮುದ್ರಣವನ್ನು ನಿಲ್ಲಿಸಿತು. ದಿನಗಟ್ಟಲೆ ಹಿಡಿಯುತ್ತಿದ್ದ ಹುಡುಕಾಟ ಈಗ ನಿಮಿಷಗಳ ಕೆಲಸವಾಗಿದೆ.

ಪರೀಕ್ಷೆ ನಡೆಯುವ ಬಗೆ

ಉತ್ತಮ ದತ್ತಸಂಚಯಗಳ ವಾರ್ಷಿಕ ಚಂದಾ ದುಬಾರಿ. ಆದುದರಿಂದ ಕೊಳ್ಳುವ ಮುನ್ನ ಪ್ರಕಾಶಕರಿಂದ ಕೆಲವು ವಾರಗಳ ಉಚಿತ ಪ್ರಾಯೋಗಿಕ ಬಳಕೆಯನ್ನು ಪಡೆಯುವುದು ವಿಶ್ವವಿದ್ಯಾಲಯಗಳಲ್ಲಿ ರೂಢಿ. ಆವರಣದ ಗಣಕಯಂತ್ರಗಳ ಜಾಲವಿಳಾಸವನ್ನು ಪ್ರಕಾಶಕರ ವ್ಯವಸ್ಥೆ ಗುರುತಿಸುತ್ತದೆ. ಒಳಗಿನವರಿಗೆ ಬಾಗಿಲು ತೆರೆಯುತ್ತದೆ. ಅವಧಿ ಮುಗಿದ ದಿನ ಅದು ತಾನಾಗಿಯೇ ಮುಚ್ಚುತ್ತದೆ.

ಈ ಅವಧಿಯಲ್ಲಿ ಎಷ್ಟು ಹುಡುಕಾಟ ನಡೆಯಿತು, ಎಷ್ಟು ಲೇಖನಗಳನ್ನು ಪೂರ್ಣವಾಗಿ ತೆರೆಯಲಾಯಿತು ಎಂಬುದೆಲ್ಲ ಲೆಕ್ಕವಾಗುತ್ತದೆ. ಇಂತಹ ಲೆಕ್ಕಕ್ಕೆ 2003ರಿಂದ ‘ಕೌಂಟರ್’ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯಿದೆ. ಚಂದಾ ಇಲ್ಲದ ಕಾರಣ ನಿರಾಕರಿಸಲ್ಪಟ್ಟ ಕೋರಿಕೆಗಳನ್ನೂ ಅದು ಎಣಿಸುತ್ತದೆ. ಬಜೆಟ್ ಹಂಚುವಾಗ ಗ್ರಂಥಪಾಲಕರ ಕೈಯಲ್ಲಿರುವ ಬಲವಾದ ವಾದವೆಂದರೆ ಈ ಅಂಕಿಗಳು ಮತ್ತು ಓದುಗರ ಲಿಖಿತ ಅಭಿಪ್ರಾಯ. ಯಾರೂ ಬಳಸದ ದತ್ತಸಂಚಯಕ್ಕೆ ಹಣ ಕೇಳುವುದು ಕಷ್ಟ. ಆಗ ನಿಜವಾದ ಅಗತ್ಯವಿದ್ದ ವಿದ್ಯಾರ್ಥಿಯೂ ಮುಂದಿನ ವರ್ಷ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ನಮ್ಮ ನೆಲದ ಪ್ರಶ್ನೆಯೊಂದಿಗೆ ಹೋಗಬೇಕು

ಹೊಸ ದತ್ತಸಂಚಯವನ್ನು ಹೇಗೆ ಪರೀಕ್ಷಿಸಬೇಕು? ಕಂಪನಿಯವರು ತೋರಿಸುವ ಸಿದ್ಧ ಉದಾಹರಣೆಗಳಿಂದಲ್ಲ; ತನಗೆ ನಿಜವಾಗಿ ಬೇಕಾದ ಪ್ರಶ್ನೆಯಿಂದ. ನಮ್ಮ ಜಿಲ್ಲೆಯ ಮಟ್ಟಿಗೆ ಮಂಗನ ಕಾಯಿಲೆಗಿಂತ ಉತ್ತಮ ಒರೆಗಲ್ಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ, ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಉಣುಗಿನಿಂದ ಹರಡುವ ಈ ರೋಗದ ವೈರಾಣುವನ್ನು ಪತ್ತೆ ಹಚ್ಚಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ರೋಗಕ್ಕೆ ಆ ಕಾಡಿನ ಹೆಸರೇ ಇದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ನಮ್ಮ ಕಾಡಿನ ರೋಗದ ಕುರಿತ ಜ್ಞಾನ ದೂರದ ದೇಶದ ಪತ್ರಿಕೆಯೊಂದರ ಚಂದಾ ಗೋಡೆಯ ಹಿಂದಿದ್ದರೆ, ಇಲ್ಲಿಯ ಸಂಶೋಧಕ ಅದನ್ನು ತಲುಪುವುದೆಂತು? ಹೊಸ ದತ್ತಸಂಚಯವು 1957ರ ಮೊದಲ ವರದಿಗಳವರೆಗೆ ಹಿಂದಕ್ಕೆ ಹೋಗುತ್ತದೆಯೇ, ಭಾರತೀಯ ಪತ್ರಿಕೆಗಳನ್ನು ಒಳಗೊಂಡಿದೆಯೇ, ಸಾರಾಂಶವನ್ನಷ್ಟೇ ಕೊಡುತ್ತದೆಯೇ ಅಥವಾ ಪೂರ್ಣ ಲೇಖನವನ್ನೇ ಎಂಬುದನ್ನು ನೋಡಬೇಕು.

ಇನ್ನೊಂದು ಎಚ್ಚರಿಕೆ ಕಾಗುಣಿತದ್ದು. ನಮ್ಮ ನಗರದ ಹೆಸರು ಇಂಗ್ಲಿಷಿನಲ್ಲಿ ‘ಶಿಮೊಗ’ ಎಂಬುದರಿಂದ ‘ಶಿವಮೊಗ್ಗ’ ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹೊಸ ಹೆಸರಿನಲ್ಲಿ ಮಾತ್ರ ಹುಡುಕಿದವರಿಗೆ ಅದಕ್ಕೂ ಹಿಂದಿನ ಎಷ್ಟೋ ಲೇಖನಗಳು ಸಿಗದೆ ಹೋಗಬಹುದು. ಭದ್ರಾವತಿಯನ್ನೂ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುತ್ತಾರೆ. ಎರಡೂ ರೂಪಗಳನ್ನು ಕೊಟ್ಟು ಹುಡುಕಬೇಕು. ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಯಾರೂ ಏನೂ ಬರೆದಿಲ್ಲವೆಂದು ತೀರ್ಮಾನಿಸಬಾರದು.

ಒಂದು ರಾಷ್ಟ್ರ, ಒಂದು ಚಂದಾ

ಈ ಕ್ಷೇತ್ರದಲ್ಲಿ ಇತ್ತೀಚೆಗೆ ದೊಡ್ಡ ಬದಲಾವಣೆಯಾಗಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. 2025, 2026 ಮತ್ತು 2027ನೇ ವರ್ಷಗಳಿಗಾಗಿ ಸುಮಾರು 6,000 ಕೋಟಿ ರೂಪಾಯಿ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸಂಸ್ಥೆಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಿರ್ವಹಿಸುತ್ತದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದ ಉನ್ನತ ಶಿಕ್ಷಣ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಖಾಸಗಿ ಆಡಳಿತದ ಕಾಲೇಜುಗಳು ಮೊದಲ ಹಂತದಲ್ಲಿ ಸೇರಿಲ್ಲ. ನಮ್ಮ ಮಕ್ಕಳಲ್ಲಿ ಅನೇಕರು ಓದುವುದು ಅಂತಹ ಕಾಲೇಜುಗಳಲ್ಲೇ ಎಂಬುದನ್ನು ಮರೆಯಬಾರದು. ಅಲ್ಲದೆ, ಈ 30 ಪ್ರಕಾಶಕರ ಹೊರಗಿರುವ ದತ್ತಸಂಚಯಗಳನ್ನು ವಿಶ್ವವಿದ್ಯಾಲಯಗಳು ತಾವೇ ಆರಿಸಿ ಕೊಳ್ಳಬೇಕು. ಅಲ್ಲಿ ಪ್ರಾಯೋಗಿಕ ಬಳಕೆಯ ಮಹತ್ವ ಸ್ವಲ್ಪವೂ ಕುಂದಿಲ್ಲ.

ಚಂದಾ ಇಲ್ಲದವರು ನಿರಾಶರಾಗಬೇಕಿಲ್ಲ. ಭಾರತೀಯ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿರುವ ‘ಶೋಧಗಂಗಾ’ ಎಲ್ಲರಿಗೂ ಮುಕ್ತ. ವೈದ್ಯಕೀಯ ಲೇಖನಗಳ ಸಾರಾಂಶವನ್ನು ‘ಪಬ್‌ಮೆಡ್’ 1997ರಿಂದ ಉಚಿತವಾಗಿ ನೀಡುತ್ತಿದೆ. ಖರಗಪುರದ ಐ.ಐ.ಟಿ. ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಮನೆಯಿಂದಲೇ ಲಭ್ಯ. ಹುಡುಕುವ ಕಲೆಯನ್ನು ಮೊದಲು ಇಲ್ಲಿ ರೂಢಿಸಿಕೊಂಡರೆ, ದುಬಾರಿ ದತ್ತಸಂಚಯ ಕೆಲವೇ ವಾರ ತೆರೆದಾಗ ಒಂದು ದಿನವೂ ವ್ಯರ್ಥವಾಗದು.

ವಿದ್ಯಾರ್ಥಿಗಳು ಗ್ರಂಥಾಲಯದ ಸೂಚನಾ ಫಲಕವನ್ನು ತಪ್ಪದೆ ನೋಡಲಿ. ಪ್ರಾಯೋಗಿಕ ಬಳಕೆಯ ಪ್ರಕಟಣೆ ಕಂಡ ದಿನವೇ ತಮ್ಮ ಪ್ರಶ್ನೆಯೊಂದಿಗೆ ಹೋಗಲಿ. ಸಿಕ್ಕಿದ್ದನ್ನೂ ಸಿಗದಿದ್ದುದನ್ನೂ ನಾಲ್ಕು ಸಾಲು ಬರೆದು ಗ್ರಂಥಪಾಲಕರಿಗೆ ಒಪ್ಪಿಸಲಿ. ಆ ನಾಲ್ಕು ಸಾಲು ತನಗಷ್ಟೇ ಅಲ್ಲ, ಮುಂದೆ ಬರುವ, ತಾನು ಎಂದೂ ಕಾಣದ ವಿದ್ಯಾರ್ಥಿಗೂ ಮಾಡಿದ ಉಪಕಾರ. ತಂದೆತಾಯಂದಿರು ಈ ವಾರ ಮಕ್ಕಳನ್ನು ಅಂಕಗಳ ಬಗ್ಗೆ ಕೇಳುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಲಿ: “ನಿಮ್ಮ ಗ್ರಂಥಾಲಯಕ್ಕೆ ಹೊಸದಾಗಿ ಏನು ಬಂದಿದೆ?”