ಬಿಸಿಯನ್ನು ತಾಳುವ ಲೋಹ ಯಾವುದು?

ಇಂದಿನ ಪ್ರಯಾಣಿಕರ ವಿಮಾನದ ಜೆಟ್ ಯಂತ್ರವನ್ನು ಎದುರಿನಿಂದ ನೋಡಿದರೆ ದೊಡ್ಡ ಬೀಸಣಿಗೆಯಂತೆ ಜೋಡಿಸಿರುವ ಅಲಗುಗಳು ಕಾಣುತ್ತವೆ. ಅನೇಕ ಯಂತ್ರಗಳಲ್ಲಿ ಇವು ಟೈಟೇನಿಯಮ್ ಮಿಶ್ರಲೋಹದವು. ಹಿಂಬದಿಯಲ್ಲಿ, ಉರಿದ ಅನಿಲದ ರಭಸಕ್ಕೆ ಮೈಯೊಡ್ಡಿ ತಿರುಗುವ ಚಿಕ್ಕ ಅಲಗುಗಳಾದರೋ ನಿಕ್ಕಲ್ ಮಿಶ್ರಲೋಹದವು. ಒಂದೇ ಯಂತ್ರದಲ್ಲಿ ಈ ಭೇದವೇಕೆ ಎಂಬುದನ್ನು ನಾವೀಗ ವಿಚಾರಿಸೋಣ.

ಶುದ್ಧ ಟೈಟೇನಿಯಮ್ 1,668 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ನಿಕ್ಕಲ್ 1,455ರಲ್ಲಿಯೇ ಕರಗುತ್ತದೆ. ಹಾಗಿದ್ದ ಮೇಲೆ ಬೆಂಕಿಯ ಬಳಿ ಟೈಟೇನಿಯಮ್ಮನ್ನೇ ಇಡಬೇಕಾಗಿತ್ತಲ್ಲವೆ ಎಂದು ನಮಗೆ ತೋರುವುದು ಸಹಜ. ಆದರೆ ಹಾಗೆ ಮಾಡಿದರೆ ಪ್ರಯಾಣಿಕರ ಪ್ರಾಣಕ್ಕೇ ಸಂಚಕಾರ ಬಂದೀತು.

ಟೈಟೇನಿಯಮ್ಮಿನ ಹಿರಿಮೆಯಿರುವುದು ಅದರ ಹಗುರದಲ್ಲಿ. ಒಂದು ಘನ ಸೆಂಟಿಮೀಟರಿನಷ್ಟು ಟೈಟೇನಿಯಮ್ ಸುಮಾರು 4.5 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ನಿಕ್ಕಲ್ 8.9 ಗ್ರಾಂ ತೂಗುತ್ತದೆ. ನೂರಕ್ಕೆ 6 ಪಾಲು ಅಲ್ಯೂಮಿನಿಯಮ್, 4 ಪಾಲು ವನೇಡಿಯಮ್ ಬೆರೆತ ಟೈಟೇನಿಯಮ್ ಬಲದಲ್ಲಿ ಅನೇಕ ಬಗೆಯ ಉಕ್ಕುಗಳಿಗೆ ಸಾಟಿಯಾಗುತ್ತದೆ. ಸಮುದ್ರದ ಉಪ್ಪುನೀರು ಸಹ ಅದನ್ನು ಸುಲಭವಾಗಿ ಕೆಡಿಸಲಾರದು. ಆದರೆ ಉಷ್ಣತೆಯು ಸುಮಾರು 600 ಡಿಗ್ರಿಗಳನ್ನು ಮೀರಿತೆಂದರೆ ಅದರ ಸ್ವಭಾವವೇ ಬೇರೆಯಾಗುತ್ತದೆ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೇಲ್ಮೈ ಪೆಡಸಾಗುತ್ತದೆ, ಬಿರುಕು ಬಿಡುತ್ತದೆ. ಯಂತ್ರದೊಳಗಿನ ಒತ್ತಿದ ಗಾಳಿಯಲ್ಲಿ ಅಲಗು ಗೋಡೆಗೆ ಉಜ್ಜಿದಾಗ ಲೋಹವೇ ಹೊತ್ತಿಕೊಂಡು ಉರಿದ ಪ್ರಸಂಗಗಳೂ ಉಂಟು.

ಇನ್ನು ನಿಕ್ಕಲ್ಲಿನ ವಿಷಯ. ಬೇಸಗೆಯ ಮಧ್ಯಾಹ್ನ ಮೇಣದ ಬತ್ತಿಯು ಕರಗದೆಯೇ ಬಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಾದ ಲೋಹವೂ ಹಾಗೆಯೇ. ಕರಗುವುದಕ್ಕೆ ಬಹಳ ಮೊದಲೇ ಎಳೆತಕ್ಕೆ ಸಿಕ್ಕಿ ಮೆಲ್ಲಮೆಲ್ಲನೆ ಉದ್ದವಾಗುತ್ತದೆ. ರಭಸದಿಂದ ತಿರುಗುವ ಒಂದೊಂದು ಅಲಗನ್ನೂ ಹಲವು ಟನ್ನುಗಳ ಬಲವು ಹೊರಕ್ಕೆ ಸೆಳೆಯುತ್ತಿರುತ್ತದೆ. ಅದು ಕೂದಲೆಳೆಯಷ್ಟು ಉದ್ದವಾಗುತ್ತ ಹೋದರೂ ಕೊನೆಗೆ ಅಪಾಯ ತಪ್ಪದು. ಇದನ್ನು ತಡೆಯುವ ಉಪಾಯ ನಿಕ್ಕಲ್ಲಿನಲ್ಲಿದೆ. ಟೈಟೇನಿಯಮ್ಮಿನ ಪರಮಾಣುಗಳ ಜೋಡಣೆಯು 882 ಡಿಗ್ರಿಯಲ್ಲಿ ಬದಲಾಗುತ್ತದೆ. ನಿಕ್ಕಲ್ಲಿನ ಜೋಡಣೆಯಾದರೋ ಕರಗುವವರೆಗೂ ಒಂದೇ ರೀತಿ. ಅದಕ್ಕೆ ಅಲ್ಯೂಮಿನಿಯಮ್ಮನ್ನೂ ಸ್ವಲ್ಪ ಟೈಟೇನಿಯಮ್ಮನ್ನೂ ಬೆರೆಸಿದರೆ ಒಳಗೆ ಅತಿ ಸೂಕ್ಷ್ಮವಾದ ಗಟ್ಟಿ ಕಣಗಳು ಮೂಡಿ, ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಕ್ರೋಮಿಯಮ್ ಮತ್ತು ಅಲ್ಯೂಮಿನಿಯಮ್ಮುಗಳ ಆಕ್ಸೈಡು ತೆಳುವಾದ ಪೊರೆಯಂತೆ ಮೈಯನ್ನು ಕಾಯುತ್ತದೆ. ಹೀಗೆ ಬೇರೆಡೆ ಪ್ರತಿಸ್ಪರ್ಧಿಯಾದ ಟೈಟೇನಿಯಮ್ ಇಲ್ಲಿ ನಿಕ್ಕಲ್ಲಿಗೆ ಸಹಾಯಕನಾಗಿದೆ!

ಫ್ರಾಂಕ್ ವಿಟಲ್ ರಚಿಸಿದ ಜೆಟ್ ಯಂತ್ರವನ್ನು ಹೊತ್ತ ವಿಮಾನವು ಇಂಗ್ಲೆಂಡಿನಲ್ಲಿ ಮೊದಲು ಹಾರಿದ್ದು 1941ನೆಯ ಮೇ 15ರಂದು. ಅದೇ ದಶಕದಲ್ಲಿ ಆ ದೇಶದಲ್ಲಿ ನಿಮೋನಿಕ್ ಎಂಬ ನಿಕ್ಕಲ್ ಮಿಶ್ರಲೋಹಗಳು ಸಿದ್ಧವಾದವು. ಇಂದಿನ ಯಂತ್ರಗಳಲ್ಲಿ ಅನಿಲದ ಉಷ್ಣತೆಯು ಅಲಗಿನ ಲೋಹ ಕರಗುವ ಮಟ್ಟವನ್ನೂ ಮೀರಿರುತ್ತದೆ. ಅಲಗಿನೊಳಗೆ ಕಿರುನಾಳಗಳನ್ನು ಮಾಡಿ, ಅವುಗಳ ಮೂಲಕ ಗಾಳಿಯನ್ನು ಹರಿಸಿ ಅದನ್ನು ತಣ್ಣಗಿಡುತ್ತಾರೆ.

ಆದುದರಿಂದ ಎರಡು ಲೋಹಗಳಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ನಾವು ಮರುಪ್ರಶ್ನೆಯನ್ನೇ ಹಾಕಬೇಕಾಗುತ್ತದೆ: ಎಷ್ಟು ಬಿಸಿಯಲ್ಲಿ, ಎಷ್ಟು ಭಾರ ಹೊತ್ತು, ಎಷ್ಟು ಕಾಲ?